ಗಾಜಿನ ಮೇಲೆ ಸ್ಟಿಕ್ಕರ್ ನಿಲ್ಲುತ್ತಿಲ್ಲವೇ? ಗಮ್ ಬೈಯುವ ಮೊದಲು ಗಾಜು ನೋಡಿ

ಮಳೆಗಾಲ ಹಿಡಿದರೆ ಅಂಗಡಿ ಗಾಜಿನ ಸ್ಟಿಕ್ಕರ್ ಏಳುತ್ತಿದೆ ಎಂಬ ದೂರು ಜಾಸ್ತಿ. ಬೇಸಿಗೆಯಲ್ಲಿ ಗುಳ್ಳೆ ಬಂತು ಎಂಬುದು. ಎರಡಕ್ಕೂ ಜನ ಮೊದಲು ಬೈಯುವುದು ಗಮ್ಮನ್ನು. ಈ ಸಲ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿ ಉತ್ತರಿಸಿದ್ದೇನೆ.

ಉಡುಪಿಯಲ್ಲಿ ನನ್ನದೊಂದು ಬೇಕರಿ ಇದೆ. ಜೂನ್ ಕೊನೆಗೆ ಮುಂಭಾಗದ ಗಾಜಿಗೆ ಒಳಗಡೆಯಿಂದ ವಿನೈಲ್ (ಹಿಂದೆ ಗಮ್ ಇರುವ ಪ್ಲಾಸ್ಟಿಕ್ ಶೀಟು) ಅಕ್ಷರ ಹಾಕಿಸಿದೆ. ತಿಂಗಳು ತುಂಬುವುದರೊಳಗೆ ಅಂಚು ಏಳತೊಡಗಿತು. ‘ಅಯ್ಯಂಗಾರ್’ನ ಯ ಒತ್ತು ಉದುರಿದೆ, ‘ರಸ್ಕ್’ ಹೋಗಿ ‘ರಸ್’ ಆಗಿದೆ. ಹಾಕಿದ ಹುಡುಗ ‘ಗಮ್ ಸರಿಯಿಲ್ಲ ಅಣ್ಣಾ, ಒಳ್ಳೆ ಕಂಪನಿ ಮಾಲ್ ಹಾಕೋಣ’ ಅನ್ನುತ್ತಾನೆ. ಹಾಕಿಸಲೇ?

ಸದ್ಯಕ್ಕೆ ಬೇಡ. ಅದೇ ಗಾಜಿಗೆ ದುಬಾರಿ ಮಾಲು ಹಾಕಿದರೆ ದುಬಾರಿ ಅಕ್ಷರ ಉದುರುತ್ತದೆ, ಅಷ್ಟೇ.

ವಿನೈಲ್ ಹಿಂದಿನ ಗಮ್ ಫೆವಿಕಾಲ್‌ನಂತೆ ಒಣಗಿ ಗಟ್ಟಿಯಾಗುವ ಜಾತಿಯದಲ್ಲ. ಅದು ಯಾವತ್ತೂ ಮೆತ್ತಗೇ ಇರುತ್ತದೆ. ಒತ್ತಿದಾಗ ಗಾಜಿನ ಮೇಲೆ ಹರಡಿ ಹಿಡಿಯುತ್ತದೆ. ಆ ಹಿಡಿತ ಪೂರ್ತಿ ಬರಲು ಒಂದು ದಿನದಿಂದ ಮೂರು ದಿನ ಬೇಕು. ಗಮ್ಮಿಗೂ ಗಾಜಿಗೂ ನಡುವೆ ಕಣ್ಣಿಗೆ ಕಾಣದಷ್ಟು ಜಿಡ್ಡಿದ್ದರೂ ಅದು ಹಿಡಿಯುವುದು ಜಿಡ್ಡನ್ನು, ಗಾಜನ್ನಲ್ಲ. ಬೇಕರಿ ಅಂದಮೇಲೆ ಅವನ್ ಇದೆ, ಡಾಲ್ಡಾ ಇದೆ, ಪಫ್ ಸುಡುವಾಗ ಏಳುವ ಆವಿ ಇದೆ. ಆ ಎಣ್ಣೆ ಆವಿ ಹೋಗಿ ಕೂರುವುದೇ ಗಾಜಿನ ಒಳಮೈ ಮೇಲೆ. ನಿಮ್ಮ ಅಕ್ಷರಗಳೂ ಅಲ್ಲೇ ಇವೆ.

ಒಂದು ಸಣ್ಣ ಪರೀಕ್ಷೆ ಮಾಡಿ. ಅಕ್ಷರ ಇಲ್ಲದ ಕಡೆ ಗಾಜಿನ ಒಳಗಡೆಗೆ ಬರೀ ನೀರು ಸ್ಪ್ರೇ ಮಾಡಿ, ಅರ್ಧ ನಿಮಿಷ ಸುಮ್ಮನೆ ನೋಡಿ. ಗಾಜು ಶುದ್ಧವಾಗಿದ್ದರೆ ನೀರು ತೆಳುವಾದ ಪದರವಾಗಿ ಒಂದೇ ಸಮನೆ ಇಳಿಯುತ್ತದೆ. ಜಿಡ್ಡಿದ್ದರೆ ಅಲ್ಲಲ್ಲಿ ಹರಿದು ಹನಿಹನಿಯಾಗಿ ನಿಲ್ಲುತ್ತದೆ, ಕೆಸುವಿನ ಎಲೆಯ ಮೇಲೆ ನಿಂತ ಹಾಗೆ. ನಿಮ್ಮ ಗಾಜಿನ ಮೇಲೆ ಹನಿ ನಿಲ್ಲುತ್ತದೆ ಎಂದು ಇಲ್ಲಿಂದಲೇ ಹೇಳಬಲ್ಲೆ.

ತೊಳೆಯುವ ಕ್ರಮ ಹೀಗಿರಲಿ. ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಬಿಸಿನೀರಿನಿಂದ ಉಜ್ಜಿ, ಬರೀ ನೀರಿನಿಂದ ಸೋಪು ಪೂರಾ ಹೋಗುವಂತೆ ತೊಳೆಯಿರಿ. ಗಾಜು ಒದ್ದೆ ಇರುವಾಗಲೇ ಹೊಸ ಬ್ಲೇಡಿನಿಂದ ಒಂದೇ ದಿಕ್ಕಿಗೆ ಹೆರೆಯಿರಿ. ಪೇಂಟ್ ಚುಕ್ಕೆ, ಹಳೇ ಗಮ್ಮು ಕೈಗೆ ಸಿಗುತ್ತವೆ. ಗಾಜು ಟಫನ್ಡ್ (ಭಟ್ಟಿಯಲ್ಲಿ ಕಾಯಿಸಿ ಗಟ್ಟಿ ಮಾಡಿದ್ದು) ಆಗಿದ್ದರೆ ಬ್ಲೇಡನ್ನು ಅಗಲಕ್ಕೆ ಎಳೆಯಬೇಡಿ. ಅದರ ಮೈಗೆ ಭಟ್ಟಿಯಲ್ಲೇ ಅಂಟಿಕೊಂಡ ಸಣ್ಣ ಕಣಗಳಿರಬಹುದು, ಅವು ಬ್ಲೇಡಿಗೆ ಸಿಕ್ಕರೆ ಉದ್ದಕ್ಕೆ ಗೀರು ಬೀಳುತ್ತದೆ. ಕಲೆ ಇದ್ದಲ್ಲಿ ಮಾತ್ರ ಮೆಲ್ಲಗೆ ತೆಗೆಯಿರಿ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್. ಸೈನ್‌ಬೋರ್ಡ್ ಸಾಮಾನಿನ ಅಂಗಡಿಯಲ್ಲಿ ಐಪಿಎ ಅಂದರೆ ಸಾಕು. ಹಳೇ ಬನಿಯನ್ ಬಟ್ಟೆಗೆ ಹಾಕಿ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಒರೆಸಿ. ಒಂದೇ ಬಟ್ಟೆಯಲ್ಲಿ ಎರಡೂ ಮಾಡಿದರೆ ಜಿಡ್ಡು ಜಾಗ ಬದಲಾಯಿಸುತ್ತದೆಯೇ ಹೊರತು ಹೋಗುವುದಿಲ್ಲ. ಐಪಿಎ ಬದಲು ಹ್ಯಾಂಡ್ ಸ್ಯಾನಿಟೈಸರ್ ಬಳಸುವವರನ್ನು ನೋಡಿದ್ದೇನೆ. ಕೈ ಒಣಗದಿರಲೆಂದು ಅದಕ್ಕೆ ಸಾಮಾನ್ಯವಾಗಿ ಗ್ಲಿಸರಿನ್ ಸೇರಿಸಿರುತ್ತಾರೆ, ಅದು ಗಾಜಿನ ಮೇಲೇ ಉಳಿಯುತ್ತದೆ. ಹೊಳಪು ಬರಲೆಂದು ಹೊಡೆಯುವ ಗ್ಲಾಸ್ ಕ್ಲೀನರ್ ಕೂಡ ಕೊನೆಯ ಒರೆಸಿಗೆ ಬೇಡ.

ಇನ್ನು ಮಳೆ. ಒಳಗಡೆ ಹಾಕಿದ ಅಕ್ಷರಕ್ಕೆ ಮಳೆಯೇನು ಮಾಡೀತು ಅನ್ನಬೇಡಿ. ಹೊರಗೆ ಮಳೆ ಬಿದ್ದು ಗಾಜು ತಣ್ಣಗಾಗಿರುತ್ತದೆ, ಒಳಗೆ ಅವನ್‌ನ ಬಿಸಿ ತೇವದ ಗಾಳಿ. ಗಾಜಿನ ಒಳಮೈ ಬೆವರುತ್ತದೆ. ಆ ಬೆವರಿನ ಮೇಲೆ ಅಂಟಿಸಿದರೆ ಗಮ್ ಕೆಳಗೆ ನೀರು ಸಿಕ್ಕಿಕೊಳ್ಳುತ್ತದೆ. ಎಸಿ ಇರುವ ಅಂಗಡಿಯಲ್ಲಿ ಇದೇ ಕಥೆ ಉಲ್ಟಾ, ಬೆವರುವುದು ಹೊರಮೈ. ಆದ್ದರಿಂದ ಅವನ್ ಹಚ್ಚದ ದಿನ, ಫ್ಯಾನ್ ಹಾಕಿ ಗಾಜು ಚೆನ್ನಾಗಿ ಒಣಗಿಸಿ ಕೆಲಸ ಮಾಡಿಸಿ. ಮಳೆ ಬಿಡುವು ಕೊಡುವ ತನಕ ಕಾಯಲು ಆಗುವುದಾದರೆ ಇನ್ನೂ ಒಳ್ಳೆಯದು. ಹಾಕಿಸಿದ ಮೇಲೆ ಮೂರು ದಿನ ಗಾಜು ಒರೆಸಲು ಯಾರಿಗೂ ಬಿಡಬೇಡಿ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಒದ್ದೆ ಬಟ್ಟೆ ಹಿಡಿಯುವುದು ಎಲ್ಲ ಬೇಕರಿ ಹುಡುಗರ ಅಭ್ಯಾಸ.

ಒತ್ತಕ್ಷರವೇ ಮೊದಲು ಉದುರಿದ್ದರಲ್ಲಿ ಆಶ್ಚರ್ಯವಿಲ್ಲ. ಇಂಗ್ಲಿಷ್ ದೊಡ್ಡಕ್ಷರ ಒಂದೊಂದೂ ಅಗಲವಾದ ತುಂಡು. ಕನ್ನಡದಲ್ಲಿ ಒತ್ತು, ಅರ್ಕಾವತ್ತು, ದೀರ್ಘ ಇವೆಲ್ಲ ಬಿಡಿ ಚೂರುಗಳಾಗಿ ಕಟ್ ಆಗುತ್ತವೆ, ಗಮ್ ಹಿಡಿಯುವ ಜಾಗ ಬೆರಳುಗುರಿನಷ್ಟೂ ಇರುವುದಿಲ್ಲ. ನಾಮಫಲಕದಲ್ಲಿ ಶೇ 60 ಕನ್ನಡ ಇರಬೇಕೆಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಎಷ್ಟೋ ಅಂಗಡಿಗಳು ರಾತ್ರೋರಾತ್ರಿ ಗಾಜಿನ ಮೇಲೂ ಕನ್ನಡ ಬರೆಸಿದವು. ಆದರೆ ಸಿಕ್ಕ ತೆಳು ಫಾಂಟಿನಲ್ಲಿ, ಇಂಗ್ಲಿಷ್‌ಗೆ ಮಾಡಿದ ಅಳತೆಯಲ್ಲೇ. ಡಿಸೈನ್ ಮಾಡುವವರಿಗೆ ದಪ್ಪ ಫಾಂಟ್ ಕೇಳಿ, ಒತ್ತನ್ನು ಮೇಲಿನ ಅಕ್ಷರಕ್ಕೆ ತಾಗಿಸಿ ಒಂದೇ ತುಂಡಾಗಿ ಕಟ್ ಮಾಡಲು ಹೇಳಿ. ಸಾಫ್ಟ್‌ವೇರಿನಲ್ಲಿ ಅದು ‘ವೆಲ್ಡ್’ ಎಂಬ ಒಂದು ಬಟನ್ನಿನ ಕೆಲಸ. ಒಂದು ವಿಷಯದಲ್ಲಿ ಮಾತ್ರ ನಮ್ಮ ಲಿಪಿಗೆ ಅನುಕೂಲವಿದೆ: ದುಂಡಗಿನ ಅಂಚು ಬೇಗ ಏಳುವುದಿಲ್ಲ, ಚೂಪು ಮೂಲೆ ಏಳುತ್ತದೆ.

ಕಲಬುರಗಿಯಲ್ಲಿ ನನ್ನ ಕ್ಲಿನಿಕ್. ಪಶ್ಚಿಮದ ಕಿಟಕಿಗೂ ಒಳಗಿನ ಪಾರ್ಟಿಷನ್‌ಗೂ ಏಪ್ರಿಲ್‌ನಲ್ಲಿ ಫ್ರಾಸ್ಟೆಡ್ (ಮಬ್ಬು ಗಾಜಿನಂತೆ ಕಾಣುವ) ಸ್ಟಿಕ್ಕರ್ ಹಾಕಿಸಿದೆ. ಕಿಟಕಿಯಲ್ಲಿ ಗೆರೆಗೆರೆಯಾಗಿ ಮಡಿಕೆ ಬಿದ್ದಿದೆ. ಪಾರ್ಟಿಷನ್‌ನದು ಹಾಕಿದ ದಿನ ಚೆನ್ನಾಗಿತ್ತು, ವಾರದ ಮೇಲೆ ಗುಳ್ಳೆ ಎದ್ದಿದೆ.

ಇವು ಎರಡು ಬೇರೆ ಬೇರೆ ರೋಗ, ಡಾಕ್ಟ್ರೇ.

ಕಿಟಕಿಯದು ಬಿಸಿಲಿನ ಸಮಸ್ಯೆ. ಇಷ್ಟಗಲದ ಫಿಲ್ಮನ್ನು ಸೋಪಿನ ನೀರು ಹೊಡೆದೇ ಹಾಕಬೇಕು. ಲೀಟರ್ ನೀರಿಗೆ ಬೇಬಿ ಶಾಂಪೂ ನಾಲ್ಕೈದು ಹನಿ ಹಾಕಿದರೆ ಸಾಕು. ಗಾಜಿಗೂ ಸ್ಪ್ರೇ ಮಾಡಬೇಕು, ಗಮ್ಮಿಗೂ ಮಾಡಬೇಕು. ಆಗ ಫಿಲ್ಮ್ ಜಾರುತ್ತದೆ, ಸರಿಯಾದ ಜಾಗಕ್ಕೆ ಕೂರಿಸಿ ಸ್ಕ್ವೀಜಿ ಎಂಬ ಚಪ್ಪಟೆ ಪಟ್ಟಿಯಿಂದ ನಡುವಿನಿಂದ ಅಂಚಿಗೆ ನೀರು ತಳ್ಳಬಹುದು. ಕಲಬುರಗಿಯ ಏಪ್ರಿಲ್ ಮಧ್ಯಾಹ್ನ ಪಶ್ಚಿಮದ ಗಾಜು ಕೈ ಇಡಲಾಗದಷ್ಟು ಕಾದಿರುತ್ತದೆ. ನೀರು ತಳ್ಳುವ ಮೊದಲೇ ಆವಿಯಾಗಿ ಗಮ್ ಕಚ್ಚಿಕೊಳ್ಳುತ್ತದೆ. ಕಚ್ಚಿದ್ದನ್ನು ಎಳೆದರೆ ಮಡಿಕೆ. ಬೆಳಿಗ್ಗೆ ಬಿಸಿಲೇರುವ ಮುಂಚೆ, ಹೊರಗಡೆ ತಾಡಪಾಲು ಕಟ್ಟಿ ಹೊಸದಾಗಿ ಹಾಕಿಸಿ. ಬಿದ್ದ ಮಡಿಕೆ ತಿದ್ದಲು ಬರುವುದಿಲ್ಲ.

ಇನ್ನೊಂದು ಮಾತು. ಫ್ರಾಸ್ಟೆಡ್ ಬದಲು ಕಪ್ಪು ಅಥವಾ ಗಾಢ ಬಣ್ಣದ ಸ್ಟಿಕ್ಕರ್ ಹಾಕಿಸೋಣ ಎಂದು ಯಾರಾದರೂ ಹೇಳಿದರೆ, ಆ ಕಿಟಕಿ ಸಾದಾ ಗಾಜೋ ಟಫನ್ಡೋ ಎಂದು ಮೊದಲು ಕೇಳಿ. ಗಾಢ ಬಣ್ಣ ಬಿಸಿಲು ಹೀರಿ ಗಾಜಿನ ನಡುಭಾಗವನ್ನು ಕಾಯಿಸುತ್ತದೆ, ಚೌಕಟ್ಟಿನೊಳಗಿನ ಅಂಚು ತಣ್ಣಗೇ ಉಳಿಯುತ್ತದೆ. ಈ ವ್ಯತ್ಯಾಸ ಹೆಚ್ಚಾದರೆ ಸಾದಾ ಗಾಜು ಯಾರೂ ಮುಟ್ಟದೆ ಅಂಚಿನಿಂದ ಬಿರುಕು ಬಿಡುತ್ತದೆ. ಟಫನ್ಡ್ ಆದರೆ ಅದಕ್ಕಿಂತ ಎಷ್ಟೋ ಪಟ್ಟು ತಡೆಯುತ್ತದೆ.

ಪಾರ್ಟಿಷನ್ ವಿಷಯದಲ್ಲಿ ನನಗೊಂದು ಅನುಮಾನ: ಅದು ಗಾಜೇನಾ? ನಾಣ್ಯದಿಂದ ತಟ್ಟಿ ನೋಡಿ. ಟಿಣ್ ಅಂದರೆ ಗಾಜು, ಟಕ್ ಎಂದು ಮಂದವಾಗಿ ಕೇಳಿದರೆ ಅಕ್ರಿಲಿಕ್ ಇಲ್ಲವೇ ಪಾಲಿಕಾರ್ಬೊನೇಟ್ ಶೀಟು. ಈ ಶೀಟುಗಳು ತೇವ ಹೀರಿಕೊಂಡಿದ್ದು ಸೆಕೆಗೆ ಒಳಗಿನಿಂದ ಆವಿ ಬಿಡುತ್ತವೆ, ಫಿಲ್ಮ್ ಕೆಳಗೆ ಅದೇ ಗುಳ್ಳೆಯಾಗಿ ನಿಲ್ಲುತ್ತದೆ. ಗಾಜು ಆವಿ ಬಿಡುವುದಿಲ್ಲ. ಗಾಜೇ ಆಗಿದ್ದರೆ ಗುಳ್ಳೆಯನ್ನು ಉಗುರಿನಿಂದ ಒತ್ತಿ. ಸರಿದಾಡಿದರೆ ನೀರು, ಅದನ್ನು ಮುಟ್ಟಬೇಡಿ, ಒಂದೆರಡು ವಾರದಲ್ಲಿ ತಾನೇ ಆರುತ್ತದೆ. ಸರಿಯದೆ ಉಬ್ಬಿಯೇ ಇದ್ದರೆ ಗಾಳಿ. ಗುಳ್ಳೆಯ ಅಂಚಿಗೆ ಸೂಜಿಯಿಂದ ಒಂದು ಚುಚ್ಚು ಕೊಟ್ಟು ಆ ತೂತಿನ ಕಡೆಗೆ ಒತ್ತಿ. ಬ್ಲೇಡಿನಿಂದ ಸೀಳಿದರೆ ಗಾಯ ಬಾಯಿ ಬಿಟ್ಟು ಅಲ್ಲಿಂದಲೇ ಏಳಲು ಶುರುವಾಗುತ್ತದೆ.

ದಾವಣಗೆರೆಯಲ್ಲಿ ಚಿಕ್ಕ ಕಟಿಂಗ್ ಪ್ಲಾಟರ್ (ಶೀಟಿನಲ್ಲಿ ಅಕ್ಷರ ಕತ್ತರಿಸುವ ಯಂತ್ರ) ತಗೊಂಡು ರೇಡಿಯಂ ಅಂಗಡಿ ಶುರು ಮಾಡಿದ್ದೇನೆ. ಕಟ್ ಮಾಡಿದ ಅಕ್ಷರಗಳನ್ನು ಗಾಜಿಗೆ ಸಾಗಿಸುವ ಟ್ರಾನ್ಸ್‌ಫರ್ ಟೇಪನ್ನು ಕೊನೆಗೆ ಎಳೆಯುವಾಗ ಅಕ್ಷರವೂ ಟೇಪಿನ ಜೊತೆ ಬರುತ್ತದೆ. ಪ್ರಿಂಟ್ ಮಾಡಿದ ಸ್ಟಿಕ್ಕರ್‌ನ ಅಂಚು ಎರಡೇ ದಿನಕ್ಕೆ ಸುರುಳಿಯಾಗುತ್ತಿದೆ. ಯಾವ ಶೀಟು ಬಳಸಲಿ?

ಟೇಪಿನ ಜೊತೆ ಅಕ್ಷರ ಬಂದರೆ ಗಾಜಿಗಿಂತ ಟೇಪಿನ ಹಿಡಿತವೇ ಆ ಹೊತ್ತಿಗೆ ಹೆಚ್ಚಿದೆ ಎಂದರ್ಥ. ನೀರು ಹಾಕಿ ಅಂಟಿಸಿ ಕೂಡಲೇ ಎಳೆದರೆ ಹಾಗೇ ಆಗುತ್ತದೆ. ಚಿಕ್ಕ ಅಕ್ಷರಗಳನ್ನು ಒಣಗಾಜಿನ ಮೇಲೆ ನೀರಿಲ್ಲದೆ ಹಾಕುವುದನ್ನು ರೂಢಿ ಮಾಡಿಕೊಳ್ಳಿ: ಮೇಲ್ಗಡೆ ಮಾಸ್ಕಿಂಗ್ ಟೇಪಿನಿಂದ ಕೀಲು ಕಟ್ಟಿ, ಬ್ಯಾಕಿಂಗ್ ಪೇಪರ್ ಸ್ವಲ್ಪಸ್ವಲ್ಪವೇ ಬಿಡಿಸುತ್ತಾ ಸ್ಕ್ವೀಜಿ ಇಳಿಸುತ್ತಾ ಬನ್ನಿ. ನೀರು ಬೇಕೇ ಬೇಕಾದರೆ ಟ್ರಾನ್ಸ್‌ಫರ್ ಟೇಪ್ ಪೇಪರಿನದ್ದಿರಲಿ. ಒತ್ತಿದ ಮೇಲೆ ಟೇಪಿನ ಮೇಲೂ ನೀರು ಸ್ಪ್ರೇ ಮಾಡಿ, ಅದು ನೆನೆದು ಹಿಡಿತ ಬಿಡುವ ತನಕ ಒಂದು ಟೀ ಕುಡಿದು ಬನ್ನಿ. ಎಳೆಯುವಾಗ ಟೇಪನ್ನು ನಿಮ್ಮ ಕಡೆಗೆ ಎತ್ತಬೇಡಿ. ಹಿಂದಕ್ಕೆ ಮಡಚಿ, ಗಾಜಿಗೆ ಒರಗಿಸಿಕೊಂಡೇ ನಿಧಾನಕ್ಕೆ ಎಳೆಯಿರಿ. ಎಲ್ಲಾದರೂ ಒತ್ತು ಮೇಲೆದ್ದು ಬಂತೇ, ಅಲ್ಲೇ ನಿಂತು ಟೇಪನ್ನು ವಾಪಸ್ ಹಾಸಿ ಇನ್ನೊಮ್ಮೆ ಒತ್ತಿ. ಟೇಪು ತೆಗೆದಾದ ಮೇಲೆ ಸ್ಕ್ವೀಜಿಗೆ ಮೆತ್ತನೆ ಬಟ್ಟೆ ಸುತ್ತಿ ಒಂದೊಂದೇ ಅಕ್ಷರ ಪುನಃ ಒತ್ತಿ. ಹೊಸಬರು ಈ ಕೆಲಸ ಬಿಟ್ಟುಬಿಡುತ್ತಾರೆ, ಬಾಳಿಕೆ ಇರುವುದೇ ಅದರಲ್ಲಿ.

ಸುರುಳಿಯದು ಬೇರೆ ಕಾರಣ. ಸಾಲ್ವೆಂಟ್ ಅಥವಾ ಇಕೋ ಸಾಲ್ವೆಂಟ್ ಇಂಕು ಮುಟ್ಟಲು ಒಣಗಿದಂತೆ ಕಂಡರೂ ವಿನೈಲ್ ಒಳಗೆ ಸಾಲ್ವೆಂಟ್ (ಇಂಕಿನ ಬಣ್ಣ ಬೆರೆಸಿದ ದ್ರವ) ಉಳಿದಿರುತ್ತದೆ. ಅದು ಗಮ್ಮನ್ನೂ ಮೆತ್ತಗೆ ಮಾಡುತ್ತದೆ, ಶೀಟನ್ನೂ ಎಳೆಯುತ್ತದೆ. ಪ್ರಿಂಟ್ ಆದ ಮೇಲೆ ಕನಿಷ್ಠ ಒಂದು ದಿನ, ಗಾಢ ಬಣ್ಣ ತುಂಬಿದ್ದರೆ ಎರಡು ದಿನ, ಬಿಗಿಯಾಗಿ ಸುತ್ತಿಡದೆ ಗಾಳಿಗೆ ಬಿಡಿ. ಆಮೇಲೆ ಲ್ಯಾಮಿನೇಷನ್, ಕಟಿಂಗ್. ಗಿರಾಕಿ ‘ಸಂಜೆಗೇ ಬೇಕು’ ಅಂದರೆ ಪ್ರಿಂಟ್ ಬಿಟ್ಟು ಬಣ್ಣದ ಶೀಟಿನಲ್ಲೇ ಕಟ್ ಮಾಡಿಕೊಡಿ, ಇಲ್ಲವೇ ಆರ್ಡರ್ ಬೇಡ ಅನ್ನಿ.

ಶೀಟಿನ ಬಗ್ಗೆಯೂ ಕೇಳಿದ್ದೀರಿ. ಅಗ್ಗದ ಮೊನೊಮೆರಿಕ್ ವಿನೈಲ್ ಬಿಸಿಲಿಗೆ ಕುಗ್ಗುತ್ತದೆ. ಅಕ್ಷರದ ಸುತ್ತ ಕೊಳೆ ಹಿಡಿದ ಗಮ್ ಗೆರೆ ಕಾಣುತ್ತದಲ್ಲ, ಅದೇ ಗುರುತು. ಸೇಲ್, ಹಬ್ಬದ ಆಫರ್ ಇಂಥದ್ದಕ್ಕೆ ಅದು ಸಾಕು. ವರ್ಷಗಟ್ಟಲೆ ನಿಲ್ಲಬೇಕಾದ ಹೆಸರಿಗೆ ಅದಕ್ಕಿಂತ ಕಡಿಮೆ ಕುಗ್ಗುವ ಪಾಲಿಮೆರಿಕ್ ವಿನೈಲ್ ಕೊಡಿ. ಕ್ಯಾಸ್ಟ್ ಫಿಲ್ಮ್ ಎಂಬ ತೆಳು, ಸುಲಭವಾಗಿ ಬಾಗುವ ವಿನೈಲ್ ಉಬ್ಬುತಗ್ಗು ಇರುವ ಗಾಡಿ ಮೈಗೆ ಬೇಕು; ಚಪ್ಪಟೆ ಗಾಜಿಗೆ ಅಷ್ಟು ದುಡ್ಡು ಸುರಿಯಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಒನ್‌ವೇ ವಿಷನ್ ಸ್ಟಿಕ್ಕರನ್ನೂ (ಒಳಗಿನಿಂದ ಹೊರಗೆ ಕಾಣುವ, ಸಣ್ಣ ತೂತುಗಳಿರುವ ಸ್ಟಿಕ್ಕರ್) ಸೋಪಿನ ನೀರಿನಲ್ಲೇ ಹಾಕಬಹುದೇ? (ಹಾಸನ)

ಬೇಡ. ಅದರ ತೂತುಗಳಲ್ಲಿ ನೀರು ನಿಂತು ಕಣ್ಣಿಗೆ ಮಬ್ಬು ಕಾಣುತ್ತದೆ, ಗಮ್ ಕೂಡ ಸರಿಯಾಗಿ ಹಿಡಿಯುವುದಿಲ್ಲ. ಒಣಗಾಜಿಗೆ ನೀರಿಲ್ಲದೆಯೇ ಹಾಕಬೇಕು. ಹೊರಗಡೆ ಮಳೆಗೆ ಸಿಗುವಂತಿದ್ದರೆ ಮೇಲೊಂದು ತೆಳು ಲ್ಯಾಮಿನೇಷನ್ ಇರಲಿ. ಗಾಜಿನ ಸುತ್ತಲಿನ ಸಿಲಿಕೋನ್‌ಗೆ ತಾಗದಂತೆ ಮೂರ್ನಾಲ್ಕು ಮಿಲಿಮೀಟರ್ ಬಿಟ್ಟು ಕತ್ತರಿಸಿ, ಸಿಲಿಕೋನ್ ಮೇಲೆ ಯಾವ ಗಮ್ಮೂ ನಿಲ್ಲುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ. ಹಿಂದಿನ ಗಾಜಿನ ತುಂಬ ಹಳೇ ಮಾಲೀಕರ ಮನೆದೇವರ ಹೆಸರಿದೆ. ತೆಗೆದು ನಮ್ಮದು ಹಾಕಿಸಬೇಕು. ಬ್ಲೇಡ್ ಹಾಕಿದರೆ ಗಾಜು ಹಾಳಾಗುತ್ತದೆ ಅನ್ನುತ್ತಾರೆ. (ತುಮಕೂರು)

ಸ್ಟಿಕ್ಕರ್ ಹೊರಗಡೆ ಇದೆಯೋ ಒಳಗಡೆಯೋ ನೋಡಿ. ಹೊರಗಡೆ ಇದ್ದರೆ ಭಯವಿಲ್ಲ. ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ, ಮೂಲೆ ಎಬ್ಬಿಸಿ ನಿಧಾನಕ್ಕೆ ಎಳೆಯಿರಿ. ಉಳಿದ ಗಮ್ಮಿಗೆ ನೀಲಗಿರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಒರೆಸಿದರೆ ಮುದ್ದೆಯಾಗಿ ಬರುತ್ತದೆ. ಒಳಗಡೆ ಇದ್ದು, ಗಾಜಿನ ಮೇಲೆ ಅಡ್ಡಡ್ಡ ತೆಳು ಕಂದು ಗೆರೆಗಳಿದ್ದರೆ ಬ್ಲೇಡ್ ಹತ್ತಿರವೂ ತರಬೇಡಿ. ಅವು ಮಂಜು ಕರಗಿಸುವ ಡಿಫಾಗರ್ ತಂತಿಗಳು, ಒಂದು ಕಡೆ ಕೆರೆದರೂ ಆ ಸಾಲು ಕೆಲಸ ನಿಲ್ಲಿಸುತ್ತದೆ. ಅಲ್ಲಿ ಬರೀ ಬಿಸಿ, ಎಣ್ಣೆ, ಮೆತ್ತನೆ ಬಟ್ಟೆ, ಅದೂ ಗೆರೆಯ ಉದ್ದಕ್ಕೇ ಒರೆಸಬೇಕು, ಅಡ್ಡಕ್ಕಲ್ಲ.

ನಿಮ್ಮ ದೇವರ ಹೆಸರು ಹಾಕಿಸುವ ಮೊದಲು ಆ ನೀಲಗಿರಿ ಎಣ್ಣೆಯನ್ನು ಸೋಪಿನಿಂದ ತೊಳೆದು, ಐಪಿಎಯಿಂದ ಒರೆಸಲು ಮರೆಯಬೇಡಿ. ಹೊಸದನ್ನು ಹೊರಗಡೆಯೇ ಹಾಕಿಸಿ.