ಮಳೆ ಬಂದರೆ ಲಿಂಕ್ ಬೀಳುತ್ತದೆ, ದೊಡ್ಡ ಡಿಶ್ ಹಾಕಿಸಲಾ?

ಪ್ರಶ್ನೆ: ಶಿರಸಿ ಹತ್ತಿರ ಅಡಿಕೆ ತೋಟದ ನಡುವೆ ನಮ್ಮ ಮನೆ. ಇಲ್ಲಿಗೆ ಫೈಬರ್ ಬಂದಿಲ್ಲ. ಆರು ಕಿಲೋಮೀಟರ್ ಆಚೆ ಗುಡ್ಡದ ಮೇಲೆ ತಮ್ಮನ ಮನೆ, ಅಲ್ಲಿಗೆ ಬಂದಿದೆ. ಎರಡೂ ಕಡೆ 23 ಡಿಬಿಐ ಡಿಶ್ ಹಾಕಿ 5.8 ಗಿಗಾಹರ್ಟ್ಸ್‌ನಲ್ಲಿ ವೈರಿಲ್ಲದ ಲಿಂಕ್ ಎಳೆದಿದ್ದೇವೆ. ಪವರ್ 13 ಡಿಬಿಎಂ. ಮೂರು ವರ್ಷ ಚೆನ್ನಾಗಿತ್ತು. ಈಗ ಬಿಸಿಲಿದ್ದಾಗ ಸಿಗ್ನಲ್ ಮೈನಸ್ 78, ಮಳೆ ಹಿಡಿದರೆ ಪೂರ್ತಿ ಬಂದ್. ದೊಡ್ಡ ಡಿಶ್ ಹಾಕಿಸಿ ಅಂತ ಅಂಗಡಿಯವರು ಹೇಳುತ್ತಿದ್ದಾರೆ. ಹಾಕಿಸಲಾ?

ಉತ್ತರ: ಬೇಡ, ಸದ್ಯಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ. ನಿಮ್ಮ ಪತ್ರದಲ್ಲಿ ಮುಖ್ಯವಾದ ಮಾತು ಮಳೆಯದ್ದಲ್ಲ, ಬಿಸಿಲಿನದ್ದು. ಲೆಕ್ಕ ಹಾಕಿ ನೋಡೋಣ. ಡಿಬಿ, ಡಿಬಿಐ, ಡಿಬಿಎಂ ಎಲ್ಲ ಸಿಗ್ನಲ್ ಬಲದ ಅಳತೆ, ಕೂಡಿ ಕಳೆಯಬಹುದು; ಮೈನಸ್ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಜೋರು. ಪವರ್ 13, ಎರಡು ಡಿಶ್ ಸೇರಿ 46, ಒಟ್ಟು 59. ಆರು ಕಿಲೋಮೀಟರ್ ಬಯಲಲ್ಲಿ ಸಾಗುವಾಗ ಕಳೆಯುವುದು ಸುಮಾರು 123. ಉಳಿಯುವುದು ಮೈನಸ್ 64. ನಿಮಗೆ ಬರುತ್ತಿರುವುದು ಮೈನಸ್ 78, ಅಂದರೆ ಬಿಸಿಲಲ್ಲೇ 14 ಡಿಬಿ ಕಾಣೆಯಾಗಿದೆ. ಬರಬೇಕಾದದ್ದರಲ್ಲಿ 25ರಲ್ಲಿ ಒಂದು ಪಾಲು ಮಾತ್ರ ಬರುತ್ತಿದೆ! ಈ ಬ್ಯಾಂಡಿನಲ್ಲಿ ಜೋರು ಮಳೆ ಕೂಡ ಆರು ಕಿಲೋಮೀಟರಿಗೆ ಸಾಮಾನ್ಯವಾಗಿ ಎರಡು-ಮೂರು ಡಿಬಿ ತಿನ್ನಬಹುದು ಅಷ್ಟೆ. ಲಿಂಕ್ ಸರಿಯಾಗಿದ್ದರೆ ಅದು ಗೊತ್ತೂ ಆಗುವುದಿಲ್ಲ. ಆ 14 ಎಲ್ಲಿ ಹೋಯಿತು ಅಂತ ಹುಡುಕಬೇಕು.

ನನಗೆ ಮೊದಲ ಅನುಮಾನ ಮರದ ಮೇಲೆ. ಮೂರು ವರ್ಷ ಚೆನ್ನಾಗಿದ್ದು ಆಮೇಲೆ ಕೆಟ್ಟಿತು ಅಂದರೆ ನಡುವೆ ಏನೋ ಬೆಳೆದಿದೆ, ಅಲ್ವಾ? ನಿಮ್ಮ ಸೀಮೆಯಲ್ಲಿ ಅಕೇಶಿಯಾ ಎಷ್ಟು ಬೇಗ ಮೇಲೇಳುತ್ತದೆ ಅಂತ ನಿಮಗೇ ಗೊತ್ತು. ಚಾವಣಿ ಮೇಲೆ ನಿಂತರೆ ಆಚೆ ಗುಡ್ಡ ಕಾಣುತ್ತದೆ, ಹಾಗಾಗಿ ಅಡ್ಡ ಏನಿಲ್ಲ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಆದರೆ ಸಿಗ್ನಲ್ ದಾರದ ಹಾಗೆ ಹೋಗುವುದಿಲ್ಲ. ಉದ್ದನೆಯ ಮಗೆಕಾಯಿ ಇರುತ್ತದಲ್ಲ, ಎರಡೂ ತುದಿ ಸಣ್ಣ, ಹೊಟ್ಟೆ ದಪ್ಪ, ಆ ಆಕಾರದ ಜಾಗ ಅದಕ್ಕೆ ಬೇಕು. ಇದಕ್ಕೆ ಫ್ರೆನೆಲ್ ಜೋನ್ ಅಂತ ಹೆಸರು. ನಿಮ್ಮ ಲಿಂಕಿನಲ್ಲಿ ಸರಿ ನಡುವೆ ಅದರ ಅರ್ಧ ಅಗಲ ಸುಮಾರು 8.8 ಮೀಟರ್. ಅದರಲ್ಲಿ ಶೇಕಡಾ 60 ಆದರೂ ಖಾಲಿ ಇರಬೇಕು, ಅಂದರೆ ನೇರ ಗೆರೆಯ ಸುತ್ತ ಐದೂಕಾಲು ಮೀಟರಿನಷ್ಟು ಎಲೆ-ಕೊಂಬೆ ತಾಗಬಾರದು. ಒಣ ಎಲೆಯನ್ನು ದಾಟಿ ಹೇಗೋ ಬಂದ ಸಿಗ್ನಲ್ ಒದ್ದೆ ಎಲೆಯಲ್ಲಿ ಸತ್ತುಹೋಗುತ್ತದೆ. ಮಳೆಗೆ ಲಿಂಕ್ ಬೀಳುವ ಗುಟ್ಟು ಇದೇ.

ದೂರವೇ ಕಾರಣ ಅಂತ ದಯವಿಟ್ಟು ಅಂದುಕೊಳ್ಳಬೇಡಿ. 2007ರಲ್ಲಿ ಎರ್ಮಾನ್ನೊ ಪಿಯೆತ್ರೊಸೆಮೊಲಿ ಮತ್ತು ಅವರ ತಂಡ ವೆನೆಜುವೆಲಾದ ಎರಡು ಬೆಟ್ಟಗಳ ನಡುವೆ ವೈಫೈಯನ್ನು 382 ಕಿಲೋಮೀಟರ್ ದಾಟಿಸಿ ತೋರಿಸಿದ್ದಾರೆ. ನಡುವೆ ಅಡ್ಡ ಇರಲಿಲ್ಲ, ಅಷ್ಟೆ.

ಮರ ದಾರಿಯ ನಡುವಿದ್ದರೆ ಒಂದು ವಿಷಯ ನೆನಪಿಡಿ. ನಿಮ್ಮ ಕಡೆ ಕಂಬವನ್ನು ಆರು ಮೀಟರ್ ಏರಿಸಿದರೆ ನಡುವೆ ಗೆರೆ ಏರುವುದು ಮೂರೇ ಮೀಟರ್. ಮರ ನಿಮ್ಮ ಮನೆ ಪಕ್ಕದಲ್ಲೇ ಇದ್ದರೆ ಹೆಚ್ಚುಕಡಿಮೆ ಪೂರ್ತಿ ಲಾಭ. ಕಂಬ ಏರಿಸಿದರೆ ಸ್ಟೇ ವೈರ್ ಕಟ್ಟಲೇಬೇಕು, ಇಲ್ಲದಿದ್ದರೆ ಗಾಳಿಗೆ ಡಿಶ್ ಓಲಾಡಿ ಹೊಸ ತಲೆನೋವು ಶುರುವಾಗುತ್ತದೆ.

ಎರಡನೇ ಅನುಮಾನ ನೀರು. ಡಿಶ್‌ಗೆ ಹಾಕಿರುವ ರೇಡಿಯೋದ ಸೆಟ್ಟಿಂಗ್ ಪುಟದಲ್ಲಿ ಎರಡು ಚೈನ್‌ಗಳ, ಅಂದರೆ ಸಿಗ್ನಲ್ ಬರುವ ಎರಡು ದಾರಿಗಳ, ಅಂಕಿ ಬೇರೆ ಬೇರೆ ತೋರಿಸುತ್ತದೆ. ಎರಡೂ ಒಂದೇ ಸಮ ಕಮ್ಮಿ ಇದ್ದರೆ ಮರ ಅಥವಾ ಡಿಶ್ ತಿರುಗಿದ್ದು. ಒಂದು ಮಾತ್ರ ಎಂಟು-ಹತ್ತು ಡಿಬಿ ಕೆಳಗಿದ್ದರೆ ಆ ಚೈನಿನ ಜಾಯಿಂಟ್ ಬಿಚ್ಚಿ ನೋಡಿ. ನಮ್ಮ ಮನೆಯಲ್ಲೇ ಹೀಗಾಗಿತ್ತು. ಟೇಪ್ ಕತ್ತರಿಸಿದರೆ ಒಳಗೆ ಹಸಿರು ಕಿಲುಬು. ಕೆಳಗೆ ಬಂದು ಅಡಾಪ್ಟರ್ ಕಡೆಯ ಪ್ಲಗ್ ಎಳೆದೆ, ವೈರಿನ ಒಳಗಿಂದ ತೊಟ್ಟು ತೊಟ್ಟಾಗಿ ನೀರು ಬಿತ್ತು. ಸಿಪ್ಪೆ ಒಡೆದ ವೈರ್ ಪೈಪಿನ ಹಾಗೆ ಚಾವಣಿಯಿಂದ ಮನೆಯೊಳಗೆ ನೀರು ಇಳಿಸುತ್ತಿತ್ತು! ವೈರ್ ಮನೆಯೊಳಗೆ ಹೊಗುವ ಮುಂಚೆ ಕೆಳಕ್ಕೆ ಒಂದು ಜೋಲು ಬಿಡಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಜಾಯಿಂಟಿಗೆ ಮೊದಲು ರಬ್ಬರ್ ಟೇಪ್, ಮೇಲೆ ಮಾಮೂಲಿ ಟೇಪ್, ಕೆಳಗಿನಿಂದ ಮೇಲಕ್ಕೆ ಸುತ್ತಿ, ಹಂಚು ಹೊದಿಸಿದ ಹಾಗೆ.

ಮಳೆ ನಿಂತು ಎಲೆ ಆರುತ್ತಿದ್ದಂತೆ ಲಿಂಕ್ ಬಂದರೆ ಮರ. ಎರಡು ದಿನ ಬಿಸಿಲು ಕಾದ ಮೇಲೆ ಬಂದರೆ ನೀರು. ಒಂದು ವಾರ ಬರೆದಿಡಿ. ದೊಡ್ಡ ಡಿಶ್ ಈ ಎರಡಕ್ಕೂ ಮದ್ದಲ್ಲ.

ಪ್ರಶ್ನೆ: ಮೂಡಿಗೆರೆ ಕಡೆ ಕಾಫಿ ತೋಟ. ಎರಡು ಕಿಲೋಮೀಟರ್ ಲಿಂಕ್, ಸಿಗ್ನಲ್ ಮೈನಸ್ 55. ಆದರೂ ದಿನಕ್ಕೆ ನಾಲ್ಕೈದು ಸಲ ಒಂದೆರಡು ನಿಮಿಷ ಹೋಗಿ ತಾನೇ ಬರುತ್ತದೆ.

ಉತ್ತರ: ಸಿಗ್ನಲ್ ಚೆನ್ನಾಗಿದೆ, ಡಿಶ್ ಮುಟ್ಟಬೇಡಿ. ಲಿಂಕ್ ವಾಪಸ್ ಬಂದ ಕೂಡಲೇ ಎರಡೂ ರೇಡಿಯೋಗಳಲ್ಲಿ ಅಪ್‌ಟೈಮ್, ಅಂದರೆ ಆನ್ ಆಗಿ ಎಷ್ಟು ಹೊತ್ತಾಯಿತು ಅನ್ನುವುದನ್ನು, ನೋಡಿ. ಒಂದರಲ್ಲಿ ಸೊನ್ನೆಯಿಂದ ಶುರುವಾಗಿದ್ದರೆ ಅದು ಆಫ್ ಆಗಿ ಆನ್ ಆಗಿದೆ, ಅಂದರೆ ಅಡಾಪ್ಟರ್, ವೈರ್ ಅಥವಾ ಕರೆಂಟಿನ ತೊಂದರೆ. ಅಪ್‌ಟೈಮ್ ಹಾಗೇ ಓಡುತ್ತಿದ್ದರೆ ಚಾನಲ್ ನೋಡಿ. 52ರಿಂದ 144ರ ಒಳಗಿನದಾಗಿದ್ದರೆ, ಆ ಚಾನಲ್‌ಗಳನ್ನು ರೇಡಾರ್‌ಗಳೂ ಬಳಸುವುದರಿಂದ, ರೇಡಾರ್ ಕಂಡಿತು ಅನ್ನಿಸಿದ ಕೂಡಲೇ ರೇಡಿಯೋ ಆ ಚಾನಲ್ ಬಿಡುತ್ತದೆ, ಹೊಸದರಲ್ಲಿ ಕನಿಷ್ಠ ಒಂದು ನಿಮಿಷ ಕಿವಿಗೊಟ್ಟು ಕೂತು ಆಮೇಲೆ ಮಾತಾಡುತ್ತದೆ. ರೇಡಿಯೋ ತಾನೇ ಬರೆದಿಡುವ ದಾಖಲೆಯಲ್ಲಿ, ಅಂದರೆ ಲಾಗ್‌ನಲ್ಲಿ, ರೇಡಾರ್ ಅಂತ ಬರೆದಿರುತ್ತದೆ. 149 ಅಥವಾ ಅದರ ಮೇಲಿನ ಚಾನಲ್‌ಗೆ ಹಾಕಿ ಎರಡು ದಿನ ನೋಡಿ, ಆಮೇಲೂ ಬಿದ್ದರೆ ಲಾಗ್ ಸಮೇತ ಬರೆಯಿರಿ.