ಸೆಕೆಂಡ್ ಹ್ಯಾಂಡ್ ಬೈಕ್: 125 ಸಿಸಿ ಸಾಕಾ, 200 ಸಿಸಿ ಬೇಕಾ?

ಓಡಾಟ ಊರೊಳಗೇ ಆದರೆ 125 ಸಾಕು. ಆಗಾಗ ಹೈವೇಯಲ್ಲಿ ಇಬ್ಬರು ಕೂತು ಹೋಗುವವರಾದರೆ 200 ತಗೊಳ್ಳಿ.

80 ಕಿ.ಮೀ. ವೇಗದಲ್ಲಿ ಚಿಕ್ಕ ಎಂಜಿನ್ ತನ್ನ ಶಕ್ತಿಯ ಬಹುಪಾಲನ್ನು ಆಗಲೇ ಬಳಸಿರುತ್ತದೆ. ಲಾರಿ ಹಿಂದಿಕ್ಕಲು ಆಕ್ಸಿಲರೇಟರ್ ತಿರುವಿದರೆ ಸದ್ದು ಏರುತ್ತದೆ, ವೇಗ ಅಷ್ಟಾಗಿ ಏರುವುದಿಲ್ಲ. ದೊಡ್ಡ ಎಂಜಿನ್ ಪ್ರತಿ ಸಲ ಜಾಸ್ತಿ ಗಾಳಿ, ಪೆಟ್ರೋಲ್ ಎಳೆದು ಉರಿಸುತ್ತದೆ, ಹಾಗಾಗಿ ಅದರಲ್ಲಿ ಇನ್ನೂ ದಮ್ಮು ಉಳಿದಿರುತ್ತದೆ. ಮೈಲೇಜ್ ಮಾತ್ರ ಕಡಿಮೆ.

ಆದರೆ ಹಳೆ ಬೈಕ್ ಅಲ್ವಾ, ಸಿಸಿಗಿಂತ ಮೊದಲು ಎಂಜಿನ್ ಸ್ಥಿತಿ ನೋಡಿ. ಸ್ಟಾರ್ಟ್ ಮಾಡುವ ಮುಂಚೆ ಎಂಜಿನ್ ಹತ್ತಿರ ಕೈ ಹಿಡಿಯಿರಿ. ಬಿಸಿ ಇದ್ದರೆ ಯಾರೋ ಆಗಲೇ ಓಡಿಸಿದ್ದಾರೆ, ಆಗ ಸ್ಟಾರ್ಟಿಂಗ್ ತೊಂದರೆ ಇದ್ದರೂ ಗೊತ್ತಾಗದಿರಬಹುದು. ತಣ್ಣಗಾದ ಮೇಲೆ ಮತ್ತೆ ನೋಡಿ. ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಒಳಗೆ ಆಯಿಲ್ ಉರಿಯುತ್ತಿದೆ. ಸುಮ್ನೆ ವಾಪಸ್ ಬನ್ನಿ.