ದೊಡ್ಡಪ್ಪನ ಕ್ಯಾಸೆಟ್ ಹಾಡುಗಳು ಪೆನ್‌ಡ್ರೈವ್‌ಗೆ ಬರುತ್ತಿಲ್ಲ

ಪ್ರಶ್ನೆ: ಮೇಡಂ, ನಮ್ಮ ದೊಡ್ಡಪ್ಪ ಪುತ್ತರಿ ಪಾಟ್, ಬಾಳೋ ಪಾಟ್ ಮುಂತಾದ ಕೊಡವ ಹಾಡುಗಳನ್ನೆಲ್ಲ ಕ್ಯಾಸೆಟ್‌ನಲ್ಲಿ ರೆಕಾರ್ಡ್ ಮಾಡಿಟ್ಟಿದ್ದರು. ಅವನ್ನು ಎಂಪಿ3 ಮಾಡಿಸಿ, ಹಾರ್ಡ್‌ಡಿಸ್ಕ್‌ನಲ್ಲಿಟ್ಟು, ಲ್ಯಾಪ್‌ಟಾಪ್‌ನ ಐಟ್ಯೂನ್ಸ್ ಎಂಬ ಹಾಡಿನ ತಂತ್ರಾಂಶಕ್ಕೆ ಸೇರಿಸಿದ್ದೇನೆ. ಸುಮಾರು 300 ಹಾಡು ಇವೆ. ಸುಗ್ಗಿ ಹಬ್ಬ ಪುತ್ತರಿಗೆ ನಮ್ಮ ಕುಟುಂಬದ ಮೂಲಮನೆಯಾದ ಐನ್‌ಮನೆಗೆ ಎಲ್ಲರೂ ಬರುತ್ತಾರೆ. ಮನೆಗೊಂದು ಪೆನ್‌ಡ್ರೈವ್ ಕೊಡುವ ಆಸೆ. ಎಕ್ಸ್‌ಪೋರ್ಟ್ ಮಾಡಿದರೆ 60 ಕೆಬಿಯ ಒಂದೇ ಫೈಲ್ ಬರುತ್ತದೆ. ಅದರಲ್ಲಿ ಕನ್ನಡ ಹೆಸರಿನ ಜಾಗದಲ್ಲೆಲ್ಲ ಪ್ರಶ್ನೆ ಚಿಹ್ನೆ. ಹಾಡುಗಳನ್ನು ಎಳೆದು ಹಾಕಿದರೆ ಅರ್ಧ ಮಾತ್ರ ಬಂದವು. ಉಳಿದವುಗಳ ಪಕ್ಕ ಆಶ್ಚರ್ಯಸೂಚಕ ಚಿಹ್ನೆ ಇದೆ. ಬಂದದ್ದೂ ಜೀಪಿನ ಸ್ಟೀರಿಯೋದಲ್ಲಿ ಹಾಡುವುದಿಲ್ಲ. ಫೋನಿಗೆ ಹಾಕಲು ಹೋದರೆ ಉದ್ದ ಹೆಸರಿನವು ನಿಂತುಬಿಡುತ್ತವೆ. ಹೆಸರನ್ನೆಲ್ಲ ಇಂಗ್ಲಿಷ್‌ಗೆ ಬದಲಾಯಿಸಿ ಎಂದು ಒಬ್ಬರು ಹೇಳಿದರು. ಬದಲಾಯಿಸಲಾ?
– ಓದುಗರೊಬ್ಬರು, ನಾಪೋಕ್ಲು

ಉತ್ತರ: ದಯವಿಟ್ಟು ಬದಲಾಯಿಸಬೇಡಿ. ನಿಮ್ಮ ತೊಂದರೆಗೆ ಕನ್ನಡ ಕಾರಣವಲ್ಲ. ನಾಲ್ಕು ಬೇರೆ ಬೇರೆ ತೊಂದರೆ ಒಟ್ಟಿಗೆ ಬಂದಿವೆ, ಅಷ್ಟೇ.

ಮೊದಲು ಆ 60 ಕೆಬಿ ಫೈಲ್. ಸಾಧಾರಣ ಎಂಪಿ3 ಒಂದು ನಿಮಿಷಕ್ಕೆ ಹೆಚ್ಚುಕಡಿಮೆ 1 ಎಂಬಿ ಇರುತ್ತದೆ. 300 ಹಾಡು 60 ಕೆಬಿಯಲ್ಲಿ ಹಿಡಿಯುವುದು ಸಾಧ್ಯವೇ ಇಲ್ಲ. ನಿಮಗೆ ಬಂದಿರುವುದು ಬರೀ ಪಟ್ಟಿ. ತೋಟದ ಚೆಕ್‌ರೋಲ್‌ನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ, ಹೆಸರಿದ್ದರೆ ಆಳು ಆ ಪುಸ್ತಕದೊಳಗೆ ಇರುವುದಿಲ್ಲ ಅಲ್ವಾ? ಹಾಗೆಯೇ ಐಟ್ಯೂನ್ಸ್‌ನ 'ಎಕ್ಸ್‌ಪೋರ್ಟ್ ಪ್ಲೇಲಿಸ್ಟ್' ಯಾವ ಹಾಡು ಯಾವ ಫೋಲ್ಡರ್‌ನಲ್ಲಿದೆ ಎಂದು ಬರೆದುಕೊಡುತ್ತದೆ. ಹಾಡನ್ನು ಕೊಡುವುದಿಲ್ಲ. ಪ್ರಶ್ನೆ ಚಿಹ್ನೆ ಬಂದದ್ದು ಎಂ3ಯು ಎಂಬ ಹಳೆಯ ಬಗೆಯಲ್ಲಿ ಉಳಿಸಿದ್ದಕ್ಕೆ. ಅದು ಬಳಸುವ ವಿಂಡೋಸ್‌ನ ಹಳೆಯ ಅಕ್ಷರ ಪಟ್ಟಿಯಲ್ಲಿ ಕನ್ನಡಕ್ಕೆ ಜಾಗವೇ ಇರಲಿಲ್ಲ. ಎಂ3ಯು8 ಎಂದು ಆರಿಸಿ ಉಳಿಸಿದರೆ ಕನ್ನಡ ಸರಿಯಾಗಿ ಬರುತ್ತದೆ. ಆದರೂ ನಿಮಗೆ ಬೇಕಿರುವುದು ಪಟ್ಟಿಯಲ್ಲ. ಅದನ್ನು ಅಲ್ಲಿಗೆ ಬಿಡಿ.

ಆಶ್ಚರ್ಯಸೂಚಕ ಚಿಹ್ನೆ ಎಂದರೆ ಪಟ್ಟಿ ಹೇಳಿದ ಜಾಗದಲ್ಲಿ ಹಾಡು ಸಿಗಲಿಲ್ಲ ಎಂದು. ಗಾಬರಿ ಬೇಡ, ಹಾಡು ಅಳಿಸಿಹೋಗಿದೆ ಎಂದೇ ಅರ್ಥವಲ್ಲ. ಹಾಡು ಸೇರಿಸಿದ ದಿನ ನಿಮ್ಮ ಹಾರ್ಡ್‌ಡಿಸ್ಕ್ 'ಇ' ಡ್ರೈವ್ ಆಗಿದ್ದು, ಈಗ 'ಎಫ್' ಆಗಿದ್ದರೂ ಇದೇ ಆಗುತ್ತದೆ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಹಳೆಯ ಅಕ್ಷರವನ್ನೇ ಮತ್ತೆ ಕೊಡಿ. ಆಮೇಲೆ ಆ ಹಾಡುಗಳನ್ನು ಒತ್ತಿ ನೋಡಿ. ಆಗಲೂ ಸಿಗದಿದ್ದರೆ ಯಾರೋ ಫೋಲ್ಡರನ್ನು ಬೇರೆ ಕಡೆ ಇಟ್ಟಿದ್ದಾರೆ. ಹಾಡನ್ನು ಎರಡು ಸಲ ಒತ್ತಿದರೆ ಐಟ್ಯೂನ್ಸ್ 'ಎಲ್ಲಿದೆ ತೋರಿಸಿ' ಎನ್ನುತ್ತದೆ. ಒಂದನ್ನು ತೋರಿಸಿದರೆ ಉಳಿದವನ್ನೂ ಅಲ್ಲೇ ಹುಡುಕಲಾ ಎಂದು ಕೇಳುತ್ತದೆ. ಹೂಂ ಅನ್ನಿ.

ಎಲ್ಲವೂ ಸಿಕ್ಕ ಮೇಲೆ ಫೈಲ್ ಮೆನುವಿನ ಲೈಬ್ರರಿಯಲ್ಲಿ 'ಆರ್ಗನೈಸ್ ಲೈಬ್ರರಿ' ತೆರೆದು, 'ಕನ್ಸಾಲಿಡೇಟ್ ಫೈಲ್ಸ್' ಗುರುತು ಮಾಡಿ. ಅಲ್ಲಲ್ಲಿ ಚದುರಿದ ಹಾಡುಗಳ ಪ್ರತಿ ಒಂದೇ ಫೋಲ್ಡರ್‌ಗೆ ಬಂದು ಕೂರುತ್ತದೆ. ಆ ಫೋಲ್ಡರನ್ನೇ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಕಟ್ ಮಾಡಬೇಡಿ. ಮಳೆ ಗಾಳಿಗೆ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಲ್ಯಾಪ್‌ಟಾಪ್ ಚಾರ್ಜ್ ತುಂಬಿರುವಾಗ ಈ ಕೆಲಸ ಮಾಡಿ. ಮುಗಿದ ಮೇಲೆ ಎರಡೂ ಕಡೆ ಪ್ರಾಪರ್ಟೀಸ್ ತೆರೆದು ಫೈಲ್‌ಗಳ ಸಂಖ್ಯೆ, ಗಾತ್ರ ಒಂದೇ ಇದೆಯಾ ನೋಡಿ. 'ಇಜೆಕ್ಟ್' ಕೊಟ್ಟೇ ಪೆನ್‌ಡ್ರೈವ್ ತೆಗೆಯಿರಿ.

ಜೀಪಿನದು ಬೇರೆ ಕಥೆ. 64 ಜಿಬಿ ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಎಂಬ ಬಗೆಯ ಫಾರ್ಮ್ಯಾಟ್‌ನಲ್ಲಿ ಬರುತ್ತವೆ. ಹಳೆಯ ಸ್ಟೀರಿಯೋಗಳಲ್ಲಿ ಬಹಳಷ್ಟಕ್ಕೆ ಫ್ಯಾಟ್32 ಮಾತ್ರ ಗೊತ್ತು. 32 ಜಿಬಿ ಪೆನ್‌ಡ್ರೈವ್ ತಂದು, ಖಾಲಿ ಇರುವಾಗಲೇ ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಆಮೇಲೆ ಹಾಡು ತುಂಬಿ. 300 ಹಾಡಿಗೆ ಅದು ಧಾರಾಳ. ಹಾಡು ಕೇಳಿಸಿ, ಹೆಸರಿನ ಜಾಗದಲ್ಲಿ ಮಾತ್ರ ಚೌಕ ಕಂಡರೆ ಆ ಸ್ಟೀರಿಯೋಗೆ ಕನ್ನಡ ಅಕ್ಷರ ಇಲ್ಲ ಎಂದಷ್ಟೇ. ಅದಕ್ಕಾಗಿ ಹೆಸರು ಕೆಡಿಸಬೇಡಿ. ಹೆಸರಿನ ಮೊದಲಿಗೆ 001, 002 ಎಂದು ಸಂಖ್ಯೆ ಹಾಕಿ. ಸಾಮಾನ್ಯವಾಗಿ ಹಾಡುಗಳು ಸಾಲಾಗಿ ಬರುತ್ತವೆ.

ಈಗ ಫೋನ್. ಆಂಡ್ರಾಯ್ಡ್ ಫೋನಿನ ಒಳಗಿನ ಸ್ಟೋರೇಜ್‌ನಲ್ಲಿ ಒಂದು ಫೈಲಿನ ಹೆಸರಿಗೆ 255 ಬೈಟ್ ಮಿತಿ ಇದೆ. ಇಂಗ್ಲಿಷ್ ಅಕ್ಷರಕ್ಕೆ ಒಂದೊಂದು ಬೈಟ್. ಕನ್ನಡದಲ್ಲಿ ಅಕ್ಷರ, ಕಾಗುಣಿತದ ಗುರುತು, ಒತ್ತಕ್ಷರಕ್ಕೆ ಬೇಕಾದ ಹಲಂತದ ಗುರುತು (್), ಪ್ರತಿಯೊಂದಕ್ಕೂ ಮೂರು ಬೈಟ್. 'ನಾಪೋಕ್ಲು' ನಮ್ಮ ಕಣ್ಣಿಗೆ ಮೂರು ಅಕ್ಷರ, ಫೋನಿಗೆ 24 ಬೈಟ್. ಇಂಥ ಹತ್ತು ಪದ ಬಂದರೆ ಮಿತಿ ಮುಗಿಯಿತು. ವಿಂಡೋಸ್ ಲೆಕ್ಕ ಬೇರೆ. ಹಾಗಾಗಿ ಲ್ಯಾಪ್‌ಟಾಪ್‌ನಲ್ಲಿ ನಡೆದದ್ದು ಫೋನಿನಲ್ಲಿ ನಿಲ್ಲುತ್ತದೆ.

ಫೈಲಿನ ಹೆಸರು ಚಿಕ್ಕದಾಗಿರಲಿ, ಕನ್ನಡದಲ್ಲೇ ಇರಲಿ. ಪೂರ್ತಿ ವಿವರ ಹಾಡಿನ ಟ್ಯಾಗ್‌ಗೆ, ಅಂದರೆ ಫೈಲಿನೊಳಗೇ ಇರುವ ವಿವರದ ಜಾಗಕ್ಕೆ, ಹೋಗಲಿ. ಎಂಪಿ3ಟ್ಯಾಗ್ ಎಂಬ ಉಚಿತ ತಂತ್ರಾಂಶ ವಿಂಡೋಸ್‌ಗೆ ಸಿಗುತ್ತದೆ. ಅದರಲ್ಲಿ 'ಐಡಿ3ವಿ2.3, ಯುಟಿಎಫ್-16' ಆರಿಸಿ ಬರೆಯಿರಿ. ಹಳೆಯ ಪ್ಲೇಯರ್‌ಗಳಿಗೂ ಇದೇ ಜಾಸ್ತಿ ಒಗ್ಗುತ್ತದೆ. ಯಾವುದಾದರೂ ಹೆಸರು ಚಿತ್ರವಿಚಿತ್ರ ಅಕ್ಷರಗಳಾಗಿ ಕಂಡರೆ ಅದು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದಿರಬಹುದು. ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಅಕ್ಷರಕ್ಕೆ ಪರಿವರ್ತಿಸಿ ಹಾಕಿ.

ಒಂದು ಮಾತು ಒತ್ತಿ ಹೇಳಬೇಕು. ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದು ಈ ಹಾಡು ಹಾಡುವವರು ನಾಲ್ಕು ಜನ. ಟ್ಯಾಗ್‌ನಲ್ಲಿ ನಾಲ್ವರ ಹೆಸರೂ ಇರಲಿ. ಯಾವ ಮನೆಯಲ್ಲಿ, ಯಾವ ಸಂದರ್ಭಕ್ಕೆ ಹಾಡಿದ್ದು ಎಂದು ಕಾಮೆಂಟ್ ಜಾಗದಲ್ಲಿ ಬರೆಯಿರಿ. ನಮ್ಮ ಅಂಗಡಿಗೆ ಮಳೆಗಾಲ ಕಳೆದ ಮೇಲೆ ಬೂಷ್ಟು ಹಿಡಿದ ಕ್ಯಾಸೆಟ್‌ಗಳು ಬರುತ್ತವೆ. ಧ್ವನಿಯನ್ನು ಹೇಗೋ ತೆಗೆದುಕೊಡುತ್ತೇವೆ. ಹಾಡಿದವರು ಯಾರು ಎಂದರೆ ತಂದವರಿಗೂ ಗೊತ್ತಿರುವುದಿಲ್ಲ. ನನಗೆ ತುಂಬಾ ಸಂಕಟವಾಗುವುದು ಅಲ್ಲೇ. ನಿಮ್ಮ ಐನ್‌ಮನೆಗೆ ಪುತ್ತರಿಗೆ ಹಿರಿಯರೆಲ್ಲ ಬರುತ್ತಾರೆ. ಹಾಡು ಹಾಕಿ, ಧ್ವನಿ ಯಾರದ್ದು ಎಂದು ಕೇಳಿ, ಅಲ್ಲೇ ಬರೆದುಕೊಳ್ಳಿ. ಪೆನ್‌ಡ್ರೈವ್ ಹಂಚುವುದು ಒಂದು ವಾರ ತಡವಾದರೂ ಪರವಾಗಿಲ್ಲ. ಮೂಲ ಕ್ಯಾಸೆಟ್‌ಗಳನ್ನು ಮಾತ್ರ ಎಸೆಯಬೇಡಿ.

ಪ್ರಶ್ನೆ: ಚಂದಾ ಕಟ್ಟಿ ಹಾಡಿನ ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿದ ಹಾಡುಗಳನ್ನು ಪೆನ್‌ಡ್ರೈವ್‌ಗೆ ಹಾಕುವುದು ಹೇಗೆ? ಸಂಪಾಜೆ ಘಾಟಿಯಲ್ಲಿ ಸಿಗ್ನಲ್ ಸಿಗುವುದಿಲ್ಲ.
– ಇನ್ನೊಬ್ಬ ಓದುಗರು, ಕುಶಾಲನಗರ

ಉತ್ತರ: ಹಾಕಲಾಗುವುದಿಲ್ಲ. ಅವು ಬೀಗ ಹಾಕಿದ ಫೈಲ್‌ಗಳು, ಆ ಆ್ಯಪ್‌ನೊಳಗೆ ಮಾತ್ರ ಹಾಡುತ್ತವೆ. ಆದರೆ ಡೌನ್‌ಲೋಡ್ ಆದದ್ದಕ್ಕೆ ಘಾಟಿಯಲ್ಲಿ ಸಿಗ್ನಲ್ ಬೇಕಿಲ್ಲ. ಹೊರಡುವ ಮೊದಲೇ ಇಳಿಸಿಕೊಂಡು, ಫೋನನ್ನು ಬ್ಲೂಟೂತ್‌ನಲ್ಲಿ ಕಾರಿಗೆ ಜೋಡಿಸಿ. ಬ್ಲೂಟೂತ್ ಇಲ್ಲದಿದ್ದರೆ ಆಕ್ಸ್ ವೈರ್ ಆದರೂ ಸಾಕು.